ಫೋಟೋ ಕೆಳಗಿನ ಎರಡು ಸಾಲು

ನಾನು ಕೆಲಸ ಮಾಡುವುದು ಪತ್ರಿಕೆಯೊಂದರ ಫೋಟೋ ಡೆಸ್ಕ್‌ನಲ್ಲಿ. ಹನ್ನೊಂದು ವರ್ಷವಾಯಿತು. ಬಂದ ಫೋಟೋಗಳಲ್ಲಿ ಬೇಕಾದ್ದನ್ನು ಆರಿಸುವುದು, ಜಾಗಕ್ಕೆ ತಕ್ಕಂತೆ ಕ್ರಾಪ್ ಮಾಡುವುದು, ಕೆಳಗೆ ಕ್ಯಾಪ್ಷನ್ ಬರೆಯುವುದು. ಇಷ್ಟೇ ಕೆಲಸ.

ಒಳ್ಳೆಯ ಫೋಟೋಗೆ ಮಾತು ಬೇಕಾ ಬೇಡವಾ ಅನ್ನುವ ಜಗಳ ನಮ್ಮಲ್ಲಿ ಯಾವತ್ತೂ ಮುಗಿಯುವುದಿಲ್ಲ. ಫೋಟೋಗ್ರಾಫರ್‌ಗಳು ಬೇಡ ಅನ್ನುತ್ತಾರೆ. ಬರೆಯುವವರು ಬೇಕೇ ಬೇಕು ಅನ್ನುತ್ತಾರೆ. ನಾನು ಎರಡನೇ ಗುಂಪಿನವನು. ಅದರಲ್ಲೂ ನನ್ನ ಕ್ಯಾಪ್ಷನ್‌ಗಳ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಸುಮ್ನೆ ಮಾಹಿತಿ ಕೊಡುವುದಲ್ಲ, ಓದುಗರ ಮನಸ್ಸು ಮುಟ್ಟಬೇಕು ಅಂತ ನಂಬಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಪುಟ ಕಳಿಸಲು ಇಪ್ಪತ್ತು ನಿಮಿಷ ಇತ್ತು. ಒಂದು ಜಾಹೀರಾತು ಕೊನೇ ಗಳಿಗೆಯಲ್ಲಿ ಬಿಟ್ಟುಹೋಗಿ ಜಾಗ ಖಾಲಿಯಾಯಿತು. ನಮ್ಮ ಫೋಟೋಗ್ರಾಫರ್‌ಗೆ ಫೋನ್ ಮಾಡಿ ಏನಾದರೂ ಇದ್ದರೆ ಕಳಿಸಿ ಅಂದೆ. ಆಕೆ ಮೊಬೈಲ್‌ಗೆ ಒಂದು ಫೋಟೋ ಕಳಿಸಿದರು. ವಯಸ್ಸಾದವರೊಬ್ಬರು ಬರೀ ಗೋಡೆಯ ಮುಂದೆ ನಿಂತಿದ್ದಾರೆ. ಬಲಗೈಯ ಅಂಗೈ ಗೋಡೆಗೆ ಒತ್ತಿದೆ. ಕಣ್ಣು ಮುಚ್ಚಿದೆ. ಪಕ್ಕದ ಕಿಟಕಿಯಿಂದ ಬಂದ ಬೆಳಕು ಅರ್ಧ ಮುಖದ ಮೇಲೆ ಬಿದ್ದಿದೆ.

ಎಂಥ ಫೋಟೋ ಅನ್ನಿಸಿತು. ಎರಡೇ ನಿಮಿಷದಲ್ಲಿ ಕ್ಯಾಪ್ಷನ್ ರೆಡಿ. "ಬಿಟ್ಟುಹೋಗುವ ಮನೆಯ ನೆನಪುಗಳಲ್ಲಿ ಮುಳುಗಿದ ಹಿರಿಯ ಜೀವ." ಬರೆದು, ಒಮ್ಮೆ ಓದಿ, ನನಗೆ ನಾನೇ ಶಭಾಷ್ ಹೇಳಿಕೊಂಡು ಮನೆಗೆ ಹೋದೆ.

ಮರುದಿನ ಬೆಳಗ್ಗೆ ಆಕೆ ಪೇಪರ್ ಹಿಡಿದುಕೊಂಡೇ ಬಂದರು. "ಸರ್, ಅವರು ಗಾರೆ ಕೆಲಸದವರು. ಪ್ಲಾಸ್ಟರ್ ಒಣಗಿದೆಯಾ ಅಂತ ಕೈಯಿಟ್ಟು ನೋಡ್ತಾ ಇದ್ರು. ನೀವು ಅವರನ್ನ ಅಳಿಸಿಬಿಟ್ರಿ."

ಅಳುವಂತೆ ಮಾಡಿದಿರಿ ಅಂದರೋ, ಒರೆಸಿ ಹಾಕಿದಿರಿ ಅಂದರೋ ಅಂತ ನಾನು ಕೇಳಲಿಲ್ಲ. ಎರಡೂ ನಿಜವೇ ಆಗಿತ್ತು.

ತಪ್ಪು ಹೇಗಾಯಿತು ಅಂತ ಆಮೇಲೆ ಹುಡುಕಿದೆವು. ಫೋಟೋ ಫೈಲ್‌ನ ಒಳಗೇ ವಿವರ ತುಂಬಿಡಲು ಜಾಗ ಇರುತ್ತದೆ. ಯಾರು, ಎಲ್ಲಿ, ಯಾವಾಗ ಅನ್ನುವುದನ್ನು ಅಲ್ಲಿ ಬರೆದಿಟ್ಟರೆ ಫೋಟೋ ಜೊತೆಗೇ ಅದೂ ಬರುತ್ತದೆ. ಐಪಿಟಿಸಿ ಅನ್ನುವ ಸುದ್ದಿಸಂಸ್ಥೆಗಳ ಒಕ್ಕೂಟ ರೂಪಿಸಿದ ಪದ್ಧತಿ ಇದು. ಆಕೆ ಎಲ್ಲವನ್ನೂ ಬರೆದಿದ್ದರು. ಆದರೆ ಮೆಸೇಜ್ ಆಪ್‌ಗಳು ಫೋಟೋವನ್ನು ಕುಗ್ಗಿಸಿ ಕಳಿಸುವಾಗ ಈ ವಿವರಗಳನ್ನು ಸಾಮಾನ್ಯವಾಗಿ ಕಿತ್ತುಹಾಕುತ್ತವೆ. ನನ್ನ ಕೈಗೆ ಬಂದದ್ದು ಮಾತು ಕಳೆದುಕೊಂಡ ಫೋಟೋ. ಗೊತ್ತಿಲ್ಲದಿದ್ದರೆ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಖಾಲಿ ಜಾಗ ಸಿಕ್ಕಿತು, ತುಂಬಿಬಿಟ್ಟೆ.

ಇಲ್ಲಿಗೇ ನಿಂತಿದ್ದರೆ ಇದನ್ನು ಆಪ್ ಮೇಲೆ ಹಾಕಿ ಸುಮ್ಮನಾಗುತ್ತಿದ್ದೆನೇನೋ. ಅದೇ ವಾರ ಆ ಫೋಟೋವನ್ನು ವೆಬ್‌ಸೈಟ್‌ಗೆ ಹಾಕುವಾಗ ಆಲ್ಟ್ ಟೆಕ್ಸ್ಟ್ ಬರೆಯಬೇಕಾಯಿತು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ ಅದು. ಅಲ್ಲಿ 'ಹಿರಿಯ ಜೀವ' ಗಿರಿಯ ಜೀವ ನಡೆಯುವುದಿಲ್ಲ. ಏನು ಕಾಣುತ್ತದೋ ಅದನ್ನೇ ಹೇಳಬೇಕು. ಮೂಲ ಫೈಲ್ ತರಿಸಿ ತೆರೆದು, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೋಡುತ್ತಾ ಬಂದೆ. ಮುಂಗೈ ಮೇಲೆ ಒಣಗಿದ ಸಿಮೆಂಟಿನ ಕಲೆ. ಮಡಚಿದ ಅಂಗಿಯ ತೋಳು. ಕೆಳಗೆ ಎಡಮೂಲೆಯಲ್ಲಿ, ನೆರಳಿನಲ್ಲಿ, ಒಂದು ಕರಣೆ.

ಆ ಕರಣೆಯನ್ನು ನಾನೇ ಕತ್ತರಿಸಿ ಹಾಕಿದ್ದೆ. ಮೂರು ಕಾಲಂಗೆ ಕೂರಿಸಲು ಕೆಳಗಿನಿಂದ ಒಂದಿಷ್ಟು ಕ್ರಾಪ್ ಮಾಡಿದ್ದೆನಲ್ಲ, ಅದರಲ್ಲೇ ಹೋಗಿತ್ತು. ಅಂದರೆ ಫೋಟೋ ತನ್ನ ಕಥೆಯನ್ನು ತಾನೇ ಪೂರ್ತಿ ಹೇಳಿತ್ತು. ಅದನ್ನು ನೋಡುವ ವ್ಯವಧಾನ ನನಗಿರಲಿಲ್ಲ. ನನ್ನ ಕ್ಯಾಪ್ಷನ್ ಓದಿದವರಿಗೂ ಇರಲಿಲ್ಲ, ಯಾಕೆಂದರೆ ಏನು ಅನ್ನಿಸಬೇಕು ಅಂತ ನಾನು ಮೊದಲೇ ಹೇಳಿಬಿಟ್ಟಿದ್ದೆ.

ನನಗಿಂತ ದೊಡ್ಡ ಎಡವಟ್ಟುಗಳೂ ಆಗಿವೆ, ಅದು ಸಮಾಧಾನವೇನಲ್ಲ. ಫ್ರಾನ್ಸಿನ ರಾಬರ್ಟ್ ದ್ವಾನೋ 1958ರಲ್ಲಿ ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಒಂದು ಫೋಟೋ ತೆಗೆದರು. ಕೌಂಟರ್ ಮುಂದೆ ವೈನ್ ಗ್ಲಾಸ್ ಇಟ್ಟುಕೊಂಡ ಯುವತಿ, ಪಕ್ಕದಲ್ಲಿ ನಡುವಯಸ್ಸಿನ ಗಂಡಸು. ಇಬ್ಬರ ಒಪ್ಪಿಗೆ ಪಡೆದೇ ತೆಗೆದದ್ದು. ಮೊದಲು ಅದು ಪತ್ರಿಕೆಯೊಂದರ ಕೆಫೆ ವಿಶೇಷ ಸಂಚಿಕೆಯಲ್ಲಿ ಬಂತು, ಯಾರಿಗೂ ತಕರಾರಿರಲಿಲ್ಲ. ಆಮೇಲೆ ಪಾನವಿರೋಧಿ ಸಂಘದವರ ಕೈಗೆ ಸಿಕ್ಕಿ ಕುಡಿತದ ಕೆಡುಕಿನ ಲೇಖನಕ್ಕೆ ಚಿತ್ರವಾಯಿತು. ಕೊನೆಗೆ ಇನ್ನೊಂದು ಪತ್ರಿಕೆ ಅದನ್ನೇ ವೇಶ್ಯಾವಾಟಿಕೆಯ ದೃಶ್ಯ ಅಂತ ಅಚ್ಚು ಹಾಕಿತು. ಆ ಗಂಡಸು ಚಿತ್ರಕಲೆಯ ಮೇಷ್ಟ್ರು! ಪಾಪ, ಕೋರ್ಟಿಗೆ ಹೋದರು. ಪತ್ರಿಕೆಗೆ ದಂಡ ಬಿತ್ತು, ದ್ವಾನೋ ಅವರದೇನೂ ತಪ್ಪಿಲ್ಲ ಎಂದಾಯಿತು. ಫೋಟೋದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಬದಲಾಗಿದ್ದು ಸುತ್ತಲಿನ ಅಕ್ಷರ ಮಾತ್ರ.

ಹಾಗಂತ ಮಾತೇ ಬೇಡ ಅನ್ನುವವರ ಕಡೆಗೆ ನಾನು ಹೋಗಿಲ್ಲ. ಅಮೆರಿಕದ ಫೋಟೋಗ್ರಾಫರ್ ಡೊರೋಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೂಲಿಗಳ ಬಿಡಾರದಲ್ಲಿ ತೆಗೆದ ತಾಯಿಯ ಫೋಟೋ ನೆನಪಿಸಿಕೊಳ್ಳಿ. ಗಲ್ಲಕ್ಕೆ ಕೈ, ಎರಡೂ ಕಡೆ ಮುಖ ತಿರುಗಿಸಿ ಒರಗಿದ ಮಕ್ಕಳು. ಹೊಟ್ಟೆಗಿಲ್ಲದ ಸಂಕಟ ಗೊತ್ತಾಗಲು ಅದಕ್ಕೆ ಯಾವ ಮಾತೂ ಬೇಕಿಲ್ಲ. ಆದರೆ ಆಕೆಯ ಹೆಸರನ್ನು ತಾನು ಕೇಳಲಿಲ್ಲ ಅಂತ ಲ್ಯಾಂಗ್ ಅವರೇ 1960ರಲ್ಲಿ ಬರೆದರು. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದಳು ಅಂತಲೂ ಬರೆದರು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನುವ ಹೆಸರು ಹೊರಬಂದದ್ದು 1978ರಲ್ಲಿ. ನಲವತ್ತೆರಡು ವರ್ಷ ಆಕೆಯ ಮುಖ ಎಲ್ಲರಿಗೂ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಟೈರ್ ಮಾರಿದ ಮಾತು ಸುಳ್ಳು ಅಂತ ಮನೆಯವರು ಹೇಳಿದರು. ಅವರು ಅಲ್ಲಿಂದ ಹೊರಟದ್ದೇ ಆ ಟೈರ್‌ಗಳ ಮೇಲೆ. ನೋಡುವವರಿಗೆ ಮಾತು ಬೇಡದಿರಬಹುದು, ಫೋಟೋದ ಒಳಗಿರುವವರಿಗೆ ಬೇಕಿರುತ್ತದೆ, ಅಲ್ವಾ?

ಮಂಜು ಮುಸುಕಿದ ಬೆಟ್ಟದ ಫೋಟೋ ಬಂದರೆ ನಾನೀಗ ಒಂದೇ ಸಾಲು ಬರೆಯುತ್ತೇನೆ. ಬೆಟ್ಟ ಯಾವುದು, ತೆಗೆದದ್ದು ಯಾವಾಗ. ಬೆಟ್ಟಕ್ಕೆ ಮಾನ ಹೋಗುವ ಭಯ ಇಲ್ಲ. ಮನುಷ್ಯರಿದ್ದರೆ ಮಾತ್ರ ಕೈ ನಿಧಾನವಾಗುತ್ತದೆ. ಫೋಟೋಗ್ರಾಫರ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ: ಕ್ಲಿಕ್ ಮಾಡುವುದಕ್ಕೆ ಮುಂಚೆ ಅವರೇನು ಮಾಡುತ್ತಿದ್ದರು, ಆಮೇಲೆ ಏನು ಮಾಡಿದರು? ಅರ್ಧದಷ್ಟು ಸಲ ಕ್ಯಾಪ್ಷನ್ ಅಲ್ಲೇ ಸಿಗುತ್ತದೆ. 'ಮುಳುಗಿದ', 'ಭಾವುಕರಾದ', 'ಕಂಡುಬಂದದ್ದು ಹೀಗೆ' ಇವನ್ನೆಲ್ಲ ಬಿಟ್ಟಿದ್ದೇನೆ. ಕೊನೆಯದಂತೂ ಯಾರು ಶುರು ಮಾಡಿದರೋ ದೇವರೇ ಬಲ್ಲ. ಕಾಣುತ್ತಿರುವುದನ್ನು 'ಕಂಡುಬಂತು' ಅಂತ ಯಾಕೆ ಹೇಳಬೇಕು? ಹೊಸದಾಗಿ ಸೇರಿದವರಿಗೆ ಮೊದಲ ವಾರ ಬರೀ ಆಲ್ಟ್ ಟೆಕ್ಸ್ಟ್ ಬರೆಯಲು ಕೊಡುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ.

ತಿದ್ದುಪಡಿ ಅಚ್ಚಾಯಿತು. ಎಂದಿನಂತೆ ಒಳಪುಟದಲ್ಲಿ, ಚಿಕ್ಕದಾಗಿ. ನಮ್ಮ ಫೋಟೋಗ್ರಾಫರ್ ಪೂರ್ತಿ ಫೋಟೋದ ಒಂದು ಪ್ರಿಂಟ್ ಹಾಕಿಸಿಕೊಂಡು ಆ ಮೇಸ್ತ್ರಿಯವರಿಗೆ ಕೊಡಲು ಹೋದರು. ನಾನೂ ಜೊತೆಗೆ ಹೋಗಿ ತಪ್ಪಾಯಿತು ಅಂದೆ. ಅವರು ಪೇಪರ್ ನೋಡಿರಲೇ ಇಲ್ಲ. ನಡೆದದ್ದು ಕೇಳಿ ನಕ್ಕರು. ಪ್ರಿಂಟನ್ನು ಸ್ವಲ್ಪ ದೂರ ಹಿಡಿದು ನೋಡಿದರು, ಕರಣೆಯ ಮೇಲೆ ಬೆರಳಿಟ್ಟರು. ಆಮೇಲೆ ಫೋಟೋ ತಿರುಗಿಸಿ ನನ್ನ ಮುಂದೆ ಹಿಡಿದು, "ಹಿಂದೆ ನನ್ನ ಹೆಸರು, ತಾರೀಕು ಬರೆದುಕೊಡಿ ಸರ್" ಅಂದರು. ಬರೆದೆ. ಪೆನ್ನು ಮುಚ್ಚುವಷ್ಟರಲ್ಲಿ ಮತ್ತೆ ಹೇಳಿದರು: "ಅವತ್ತು ಗೋಡೆ ಇನ್ನೂ ಹಸಿ ಇತ್ತು. ಅದನ್ನೂ ಬರೀರಿ."