ಎರಕದ ಗುಂಡು ಚೇಂಬರಿನಲ್ಲಿ ಸಿಕ್ಕಿಕೊಂಡರೆ ಎಲ್ಲಿ ನೋಡಬೇಕು?

ಅಮೆರಿಕದಲ್ಲಿ ರೈಫಲ್ ಹವ್ಯಾಸದವರು ಅನೇಕರು ಗ್ಯಾರೇಜಿನಲ್ಲೇ ಸೀಸ ಕರಗಿಸಿ ಗುಂಡು ಎರಕ ಹೊಯ್ದುಕೊಳ್ಳುತ್ತಾರೆ. ಸ್ವಂತ ಬಳಕೆಗಾದರೆ ಫೆಡರಲ್ ಪರವಾನಗಿ ಬೇಡ, ಮಾರುವುದಾದರೆ ಬೇಕು. ಎಚ್-1ಬಿಯಂಥ ವೀಸಾದಲ್ಲಿರುವವರ ಮಾತು ಬೇರೆ: ಅವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ, ಅಲ್ಲಿನ ರಾಜ್ಯವೊಂದು ಕೊಟ್ಟ ಚಾಲ್ತಿಯ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಭಾರತದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ.

ಈ ಹವ್ಯಾಸದಲ್ಲಿ ಪದೇ ಪದೇ ಎದುರಾಗುವ ತಲೆನೋವು ಎಂದರೆ ತೋಟಾ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಒಳಗೆ ಹೋದರೂ ಅದನ್ನು ಹಿಂದಿನಿಂದ ಭದ್ರಪಡಿಸುವ ಬೋಲ್ಟ್ ಮುಚ್ಚದಿರುವುದು. ಆಗ ಗುದ್ದಿ ಮುಚ್ಚಲು ಹೋಗಬಾರದು. ಗುಂಡು ರೈಫ್ಲಿಂಗ್‌ಗೆ, ಅಂದರೆ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಂಡರೆ, ಬೋಲ್ಟ್ ಹಿಂದಕ್ಕೆಳೆದಾಗ ಮದ್ದು ತುಂಬಿದ ಹಿತ್ತಾಳೆಯ ಕೇಸ್ ಮಾತ್ರ ಬಂದು ಮದ್ದೆಲ್ಲ ಒಳಗೆ ಚೆಲ್ಲುತ್ತದೆ. ಕಚ್ಚಿಕೊಂಡಿದೆ ಎಂಬ ಅನುಮಾನವಿದ್ದರೆ ನಳಿಗೆಯ ಬಾಯನ್ನು ಮೇಲಕ್ಕೆ ಹಿಡಿದು ಬೋಲ್ಟ್ ತೆರೆಯಿರಿ, ಮದ್ದು ಕೇಸಿನಲ್ಲೇ ಉಳಿಯುತ್ತದೆ. ಕೇಸ್ ಹೊರಬಂದ ಮೇಲಷ್ಟೇ ಸಲಾಕೆ ಹಾಕಿ ಗುಂಡನ್ನು ಹಿಂದಕ್ಕೆ ತಳ್ಳಬೇಕು.

ಪತ್ತೆಗೆ ಬೇಕಾದದ್ದು ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು ಎರಡೂ ಇಲ್ಲದ ಡಮ್ಮಿ ತೋಟಾ. ಅದಕ್ಕೂ ಮೊದಲು, ಸೈಜ್ ಮಾಡಿದ, ಅಂದರೆ ಡೈಯಲ್ಲಿ ಒತ್ತಿ ಮತ್ತೆ ಅಳತೆಗೆ ತಂದ ಖಾಲಿ ಕೇಸನ್ನು ಹಾಕಿ ನೋಡಿ. ಅದೇ ಬಿಗಿಯಾದರೆ ತಪ್ಪು ಗುಂಡಿನದ್ದಲ್ಲ. ಕೇಸಿನ ಭುಜ (ಮೈ ಕಿರಿದಾಗಿ ಕುತ್ತಿಗೆಗೆ ಸೇರುವ ಇಳಿಜಾರು) ಸಾಕಷ್ಟು ಹಿಂದೆ ಸರಿದಿಲ್ಲ, ಇಲ್ಲವೇ ಕೇಸ್ ಉದ್ದವಾಗಿದೆ. .308 ವಿಂಚೆಸ್ಟರ್ ತೋಟಾದ ಕೇಸಿಗೆ ಗರಿಷ್ಠ ಉದ್ದ 2.015 ಇಂಚು, ಕತ್ತರಿಸಿ ತರಬೇಕಾದದ್ದು 2.005ಕ್ಕೆ. ಖಾಲಿ ಕೇಸ್ ಸಲೀಸಾಗಿ ಹೋದರೆ, ಡಮ್ಮಿಯ ಗುಂಡಿಗೂ ಕೇಸಿನ ಕುತ್ತಿಗೆಗೂ ಮಾರ್ಕರಿನಿಂದ ಕಪ್ಪು ಬಳಿದು, ಮೆಲ್ಲಗೆ ಒಳಗೆ ತಳ್ಳಿ, ಹೊರತೆಗೆದು ಬೆಳಕಿಗೆ ಹಿಡಿಯಿರಿ. ಗುಂಡಿನ ಮೂತಿಯ (ಮುಂಭಾಗ) ಮೇಲೆ ಸಮ ಅಂತರದಲ್ಲಿ ಸಣ್ಣ ಹೊಳೆಯುವ ಗೀರುಗಳಿದ್ದರೆ ಮೂತಿ ದಪ್ಪ. ಮುಂದಿನ ಬ್ಯಾಂಡಿನ (ಗುಂಡಿನ ಮೈ ಸುತ್ತಲಿನ ದಪ್ಪ ಪಟ್ಟಿ) ಅಂಚಿನಲ್ಲಿ ಬಳೆಯಂತೆ ಸುತ್ತ ಉಜ್ಜಿದ್ದರೆ, ಚೇಂಬರ್ ಮುಗಿದು ರೈಫ್ಲಿಂಗ್ ಶುರುವಾಗುವ ಥ್ರೋಟ್‌ಗೆ ಗುಂಡು ತಗಲುತ್ತಿದೆ. ಕುತ್ತಿಗೆಯ ಕಪ್ಪು ಹೋಗಿದ್ದರೆ ಅಲ್ಲಿ ಜಾಗವೇ ಇಲ್ಲ.

ಮೂರರಲ್ಲಿ ಕೊನೆಯದ್ದೇ ಅಪಾಯದ್ದು. .30 ಕ್ಯಾಲಿಬರಿನ ತಾಮ್ರದ ಕವಚದ ಗುಂಡು .308 ಇಂಚು ಇರುತ್ತದೆ, ಎರಕದ್ದನ್ನು .309ರಿಂದ .311ರವರೆಗೆ ಇಡುವುದು ವಾಡಿಕೆ. ಒಮ್ಮೆ ಹಾರಿಸಿದ, ಸೈಜ್ ಮಾಡದ ಕೇಸಿನ ಬಾಯಿಗೆ ಗುಂಡನ್ನು ಬಿಟ್ಟು ನೋಡಿ: ತಾನಾಗಿ ಜಾರಿ ಇಳಿಯದಿದ್ದರೆ ಆ ಗುಂಡು ಆ ಚೇಂಬರಿಗೆ ದಪ್ಪ. ಕುತ್ತಿಗೆ ಅಗಲವಾಗಿ ಗುಂಡನ್ನು ಬಿಡಲು ಆಗದಿದ್ದಾಗ ಒತ್ತಡ ಏರುತ್ತದೆ. ಬೋಲ್ಟ್ ಹೇಗೋ ಮುಚ್ಚಿತು ಎಂದು ಹಾರಿಸುವುದು ಶುದ್ಧ ಮೂರ್ಖತನ.

ಮೂತಿ ದಪ್ಪವಾಗುವುದಕ್ಕೆ ಈಗೀಗ ಮುಖ್ಯ ಕಾರಣ ಪೌಡರ್ ಕೋಟಿಂಗ್, ಅಂದರೆ ಗುಂಡಿನ ಮೇಲೆ ಪುಡಿ ಬಣ್ಣ ಹಚ್ಚಿ ಕಾಯಿಸಿ ಕೂರಿಸಿದ ಲೇಪ. ಅದು ವ್ಯಾಸಕ್ಕೆ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ ಸೇರಿಸುತ್ತದೆ. ಗುಂಡನ್ನು ಒತ್ತಿ ಅಳತೆಗೆ ತರುವ ಸೈಜಿಂಗ್ ಡೈ ಬ್ಯಾಂಡುಗಳನ್ನು ಸರಿಪಡಿಸುತ್ತದೆ, ಮೂತಿಯನ್ನು ಮುಟ್ಟುವುದೇ ಇಲ್ಲ; ಗೀರುಗಳ ನಡುವಿನ ದಿಬ್ಬದಿಂದ ದಿಬ್ಬಕ್ಕೆ .300 ಇಂಚಿರುವ ನಳಿಗೆಯಲ್ಲಿ ಹಿತವಾಗಿ ಕೂರುತ್ತಿದ್ದ ಮೂತಿ ಹಾಗಾಗಿ ಸಿಕ್ಕಿಕೊಳ್ಳುತ್ತದೆ. ಮೂತಿಗೆಂದೇ ಬೇರೆ ಡೈ ಸಿಗುತ್ತದೆ. ಗುಂಡನ್ನು ಇನ್ನಷ್ಟು ಆಳಕ್ಕೆ ಕೂರಿಸಿದರೂ ಆದೀತು, ಆದರೆ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಹೆಚ್ಚುವುದರಿಂದ ಕೈಪಿಡಿ ಹೇಳುವ ಮದ್ದಿನ ಆರಂಭದ ಪ್ರಮಾಣಕ್ಕೆ ಮರಳಿ ಮತ್ತೆ ಶುರುಮಾಡಬೇಕು. ಲೋಹ ಬದಲಾಯಿಸಿದ್ದೀರಾ ಎಂಬುದನ್ನೂ ನೆನಪಿಸಿಕೊಳ್ಳಿ. ಹಳೆಯ ಮುದ್ರಣದ ಅಚ್ಚುಲೋಹವಾದ ಲೈನೋಟೈಪಿನಲ್ಲಿ ಆಂಟಿಮನಿ ಸುಮಾರು ಶೇ. 12, ವಾಹನದ ಚಕ್ರದ ಸಮತೋಲನಕ್ಕೆ ಹಾಕುವ ತೂಕಗಳ ಸೀಸಕ್ಕಿಂತ ಅದು ಕಡಿಮೆ ಕುಗ್ಗುವುದರಿಂದ ಅದೇ ಅಚ್ಚಿನಲ್ಲಿ ದಪ್ಪ ಗುಂಡು ಬರುತ್ತದೆ. ಅಚ್ಚಿನ ಎರಡು ಹೋಳುಗಳ ನಡುವೆ ಸೀಸದ ಚೂರು ಕೂತಿದ್ದರೂ ಹೀಗೇ. ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿಗೆ ಅಳೆದರೆ ಗುಂಡು ದುಂಡಗಿಲ್ಲ ಎಂಬುದು ಗೊತ್ತಾಗುತ್ತದೆ.

ಕೇಸಿನ ಬಾಯಿ ಸ್ವಲ್ಪ ಅರಳಿಸದೆ ಗುಂಡು ಒತ್ತಿದರೆ ಸೀಸ ಕೆರೆದುಕೊಂಡು ಬಾಯಂಚಿನಲ್ಲಿ ತೆಳ್ಳನೆಯ ಸುರುಳಿ ನಿಲ್ಲುತ್ತದೆ. ಅದೊಂದೇ ಸಾಕು ಬೋಲ್ಟ್ ತಡೆಯಲು. ಅರಳಿಸಿದ್ದನ್ನು ಮತ್ತೆ ನೇರ ಮಾಡದಿದ್ದರೂ ಅದೇ ಗತಿ. .30-30 ತೋಟಾದಲ್ಲಿ ಕ್ರಿಂಪ್ (ಗುಂಡನ್ನು ಹಿಡಿಯಲು ಕೇಸಿನ ಬಾಯನ್ನು ಒಳಕ್ಕೆ ಒತ್ತುವುದು) ಅತಿಯಾದರೆ ಭುಜ ಉಬ್ಬುತ್ತದೆ. ಕೇಸುಗಳು ಒಂದೇ ಉದ್ದ ಇಲ್ಲದಿದ್ದರೆ ಉದ್ದದವು ಮಾತ್ರ ಹೀಗೆ ಕೆಡುತ್ತವೆ. ಮೊದಲ ತೋಟಾಗಳು ಸಲೀಸಾಗಿ ಹೋಗಿ ಆಮೇಲಿನವು ಬಿಗಿಯಾದರೆ, ಥ್ರೋಟಿನಲ್ಲಿ ಸೀಸವೋ ಗುಂಡಿಗೆ ಸವರಿದ ಮೇಣವೋ ಕೂತಿದೆ, ಬ್ರಷ್ ಹಾಕಿ.

ಇಷ್ಟಾದರೂ ಬಗೆಹರಿಯದಿದ್ದರೆ ಚೇಂಬರಿನೊಳಕ್ಕೆ ಲೋಹ ಹೊಯ್ದು ಅದರ ಪಡಿಯಚ್ಚನ್ನೇ ತೆಗೆಯಬೇಕು. ಸೆರ್ರೋಸೇಫ್ ಎಂಬ ಮಿಶ್ರಲೋಹ 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮೊದಲು ಕುಗ್ಗಿ, ಹೊಯ್ದ ಒಂದು ಗಂಟೆಗೆ ಚೇಂಬರಿನ ನಿಜ ಅಳತೆಗೆ ಬರುತ್ತದೆ, ಆಗಲೇ ಅಳೆಯಿರಿ. ಹೊಸ ಅಚ್ಚು ತರಿಸುವಾಗ ಗುಂಡಿನ ತೂಕಕ್ಕಿಂತ ಮೊದಲು ಕೇಳಬೇಕಾದದ್ದು ಮೂತಿಯ ವ್ಯಾಸ.