ಬಚ್ಚಲ ಒಲೆಯ ಗೆಣಸಿನ ಜಾಡು ಹಿಡಿದು: ಓಟಿಜಿಯಲ್ಲಿ ತರಕಾರಿ ಸುಟ್ಟ ಹತ್ತು ವಾರ

ನವೆಂಬರ್, ಮೊದಲ ವಾರ

ಅಟ್ಟದ ಮೇಲೆ ಮೂರು ವರ್ಷದಿಂದ ಕೂತಿದ್ದ ಓಟಿಜಿಯನ್ನು, ಅಂದರೆ ಕರೆಂಟಿನ ಪುಟ್ಟ ಓವನ್ನನ್ನು, ಇಳಿಸಿ ಒರೆಸಿದೆ. ಕಾರಣ ಎರಡು. ರಾತ್ರಿಯ ಅನ್ನ ಅರ್ಧಕ್ಕೆ ಇಳಿಸಿ ತರಕಾರಿ ಜಾಸ್ತಿ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಹಣ್ಣು, ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಆದರೂ ಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ಮನೆಯ ಹುಳಿಯಲ್ಲಿ ನನ್ನ ಪಾಲಿಗೆ ಬರುವ ಹೋಳುಗಳನ್ನು ಒಂದು ದಿನ ತಕ್ಕಡಿಗೆ ಹಾಕಿ ನೋಡಿದೆ. 110 ಗ್ರಾಂ.

ಇನ್ನೊಂದು ನಾಲಿಗೆಯ ಕಾರಣ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಸಂಜೆ ಸ್ನಾನದ ಹಂಡೆಗೆ ಉರಿ ಹಾಕಿದ ಮೇಲೆ ಅಜ್ಜಿ ಬಚ್ಚಲ ಒಲೆಯಲ್ಲಿ ಗೆಣಸು ಸುಡುತ್ತಿದ್ದರು. ಸಿಪ್ಪೆ ಬಿರಿದ ಕಡೆ ಜೋನಿಬೆಲ್ಲದಂಥ ಅಂಟು ಒಸರಿ, ಅಂಚಿನಲ್ಲಿ ಕರಿಗಟ್ಟಿರುತ್ತಿತ್ತು. ನಾವು ಮಕ್ಕಳು ಮೊದಲು ಕಿತ್ತಾಡುತ್ತಿದ್ದದ್ದು ಆ ಅಂಟಿಗೆ. ಬೆಂಗಳೂರಿನ ಎರಡನೇ ಮಹಡಿಯ ಅಡಿಗೆಮನೆಯಲ್ಲಿ ಅದನ್ನು ಬರಿಸಬೇಕು ಅಂತ ಆಸೆ. ಒಳ್ಳೆ ಗೆಣಸು ಬರಲಿಕ್ಕೆ ಇನ್ನೂ ದಿನ ಇದೆ. ಅಷ್ಟರೊಳಗೆ ಬೇರೆ ತರಕಾರಿಯಲ್ಲಿ ಕೈ ಪಳಗಿಸಿಕೊಳ್ಳೋಣ ಎಂದು ಶುರು ಮಾಡಿದೆ.

ಮೊದಲ ಟ್ರೇ ಕೆಟ್ಟಿತು. ಹೂಕೋಸು, ಕ್ಯಾರೆಟ್, ದೊಣ್ಣೆಮೆಣಸು ಎಲ್ಲ ತೊಳೆದು, ಹೆಚ್ಚಿ, ಉಪ್ಪು ಕಲಸಿ, ಒಂದೇ ಟ್ರೇಯಲ್ಲಿ ಒತ್ತೊತ್ತಾಗಿ ತುಂಬಿಸಿ 200ಕ್ಕೆ ಇಟ್ಟೆ. ಇಪ್ಪತ್ತೈದು ನಿಮಿಷದ ಮೇಲೆ ಬಾಗಿಲು ತೆಗೆದರೆ ಹಬೆ ಮುಖಕ್ಕೆ ಹೊಡೆಯಿತು, ಟ್ರೇಯ ತಳದಲ್ಲಿ ಬೆರಳು ಮುಳುಗುವಷ್ಟು ನೀರು. ತರಕಾರಿ ಬೆಂದಿತ್ತು, ಸುಟ್ಟಿರಲಿಲ್ಲ.

ಎರಡನೇ ವಾರ

ಇಡೀ ವಾರ ನೀರಿನ ಮೇಲೆಯೇ ಗಮನ. ಹೂಕೋಸಿನಲ್ಲಿ, ದೊಣ್ಣೆಮೆಣಸಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ಹೋಳಿನ ಮೈ ಒದ್ದೆಯಾಗಿರುವ ತನಕ ಅದರ ಬಿಸಿ 100 ಡಿಗ್ರಿಯ ಆಸುಪಾಸು ಬಿಟ್ಟು ಮೇಲೇರುವುದಿಲ್ಲ. ಕಂದು ಬಣ್ಣ, ಸುಟ್ಟ ಪರಿಮಳ ಚುರುಕಾಗಿ ಹುಟ್ಟುವುದು ಸುಮಾರು 140 ಡಿಗ್ರಿಯ ಮೇಲೆ. ಮೈ ಒಣಗದೆ ಅಲ್ಲಿಗೆ ಹೋಗುವ ದಾರಿಯೇ ಇಲ್ಲ. ಒತ್ತಾಗಿ ಹಾಕಿದರೆ ಒಂದರ ಹಬೆ ಇನ್ನೊಂದನ್ನು ಬೇಯಿಸುತ್ತದೆ.

ಹಾಗಾಗಿ ಈಗ ಮಾಡುವ ಕ್ರಮ: ತೊಳೆದ ತರಕಾರಿಯನ್ನು ಹಳೇ ಪಾಣಿಪಂಚೆಯ ಮೇಲೆ ಅರ್ಧ ಗಂಟೆ ಹರವುವುದು. ಖಾಲಿ ಟ್ರೇಯನ್ನೇ ಒಳಗಿಟ್ಟು ಓವನ್ ಕಾಯಿಸುವುದು, ಹೋಳು ಬಿದ್ದಾಗ ಚುಂಯ್ ಅನ್ನಬೇಕು. ಹೋಳಿಂದ ಹೋಳಿಗೆ ಒಂದು ಬೆರಳಿನ ಜಾಗ. ಅರ್ಧ ಕಿಲೋಗೆ ಎರಡು ಟೀ ಚಮಚ ಕಡಲೆಕಾಯಿ ಎಣ್ಣೆ, ಕೈಯಲ್ಲೇ ಸವರುವುದು. ಆರೋಗ್ಯಕ್ಕೆಂದು ಎಣ್ಣೆಯನ್ನೇ ಬಿಟ್ಟೂ ನೋಡಿದೆ. ಹೋಳು ಒಣಗಿ ಚಕ್ಕೆಯಾಯಿತು, ಬಣ್ಣ ಬರಲಿಲ್ಲ. ಟ್ರೇಯ ಬಿಸಿ ಹೋಳಿಗೆ ಸರಿಯಾಗಿ ಹತ್ತಲು ಒಂದು ಪದರ ಎಣ್ಣೆ ಬೇಕೇ ಬೇಕು. ಕ್ಯಾರೆಟ್, ಸಿಹಿಗುಂಬಳದ ಕೆರೋಟಿನ್ ಮೈಗೆ ಹತ್ತಲಿಕ್ಕೂ ಸ್ವಲ್ಪ ಜಿಡ್ಡು ಬೇಕು. ಹತ್ತು ಗ್ರಾಂ ಎಣ್ಣೆಯನ್ನು ನಾಲ್ಕು ಜನ ಹಂಚಿಕೊಂಡು ತಿನ್ನುವುದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ.

ಇಷ್ಟಾದರೂ ಬಣ್ಣ ಮಂಕಾಗಿಯೇ ಇತ್ತು. ಓವನ್ ಒಳಗೆ ಇಡುವ ಥರ್ಮಾಮೀಟರ್ ತಂದು ಇಟ್ಟಾಗ ಗುಟ್ಟು ಬಯಲಾಯಿತು. ಗುಂಡಿ 200 ಅನ್ನುತ್ತದೆ, ಒಳಗೆ ಇರುವುದು 170. ಇಲ್ಲಿಂದ ಮುಂದೆ ಬರೆಯುವ ಡಿಗ್ರಿಗಳೆಲ್ಲ ಥರ್ಮಾಮೀಟರಿನ ಲೆಕ್ಕ.

ನಾಲ್ಕನೇ ವಾರ

ಹೂಕೋಸು ಗೆದ್ದಿತು. ಗೊಂಚಲನ್ನು ತೊಟ್ಟಿನ ಸಮೇತ ಉದ್ದಕ್ಕೆ ಸೀಳಿ, ಚಪ್ಪಟೆ ಮೈ ಟ್ರೇಗೆ ತಾಗುವಂತೆ ಮಗುಚಿಟ್ಟೆ. 210 ಡಿಗ್ರಿ, 25 ನಿಮಿಷ, ನಡುವೆ ಕೈಯಾಡಿಸಲಿಲ್ಲ. ಚಮಚದಲ್ಲಿ ಎಬ್ಬಿಸಿದಾಗ ಟ್ರೇಗೆ ಹತ್ತಿದ ಮೈ ಹುರಿದ ಗೋಡಂಬಿಯ ಬಣ್ಣ, ಹೂವಿನ ತುದಿಗಳು ಕಾಫಿಪುಡಿ ಉದುರಿಸಿದ ಹಾಗೆ ಕರಿಚುಕ್ಕಿ. ತೊಟ್ಟು ಮಾತ್ರ ಹಲ್ಲಿಗೆ ಸಿಗುವಷ್ಟು ಗಟ್ಟಿ. ನಿಂಬೆರಸ ಹಿಂಡಿ, ಶೇಂಗಾ ಚಟ್ನಿಪುಡಿ ಉದುರಿಸಿದೆ. ಪಲ್ಯದಲ್ಲಿ ಹೂಕೋಸನ್ನು ಆರಿಸಿ ತಟ್ಟೆಯ ಅಂಚಿಗೆ ತಳ್ಳುವ ಮಗಳು ಅವತ್ತು ಅರ್ಧ ಟ್ರೇ ಖಾಲಿ ಮಾಡಿದಳು. ಅವಳನ್ನು ನೋಡುತ್ತ ನನ್ನ ಪಾಲನ್ನೂ ಅವಳ ತಟ್ಟೆಗೇ ಹಾಕಿದೆ.

ಚಟ್ನಿಪುಡಿಯನ್ನು ಮೊದಲೇ ಹಾಕಬಾರದು, ಸೀದು ಕಹಿಯಾಗುತ್ತದೆ. ಬೆಳ್ಳುಳ್ಳಿಯೂ ಅಷ್ಟೇ, ಸಿಪ್ಪೆ ಸಮೇತ ಇಟ್ಟರೆ ಮಾತ್ರ ಬೆಣ್ಣೆಯಾಗುತ್ತದೆ.

ಉಳಿದ ಪ್ರಯೋಗಗಳು ಚುಟುಕಾಗಿ. ಬೆಂಡೆ: ಉದ್ದಕ್ಕೆ ಸೀಳಿದರೆ ಲೋಳೆ ಮಾಯ, ಬಹಳ ಚೆನ್ನ. ತೊಂಡೆ: ತೆಳ್ಳಗೆ ಸೀಳಿದರೆ ಪರವಾಗಿಲ್ಲ. ಬೀಟ್‌ರೂಟ್: ಸಿಪ್ಪೆ ತೆಗೆಯದೆ ಫಾಯಿಲ್‌ನಲ್ಲಿ ಸುತ್ತಿ ಒಂದು ಗಂಟೆ, ಆಮೇಲೆ ಮೊಸರಿಗೆ. ಸೋರೆ, ಸೀಮೆಬದನೆ: ಓವನ್‌ಗೆ ಬೇಡ, ಅವು ಹುಳಿಗೇ ಸರಿ. ಆಲೂಗಡ್ಡೆಯನ್ನು ಹೊಂಬಣ್ಣಕ್ಕೇ ನಿಲ್ಲಿಸುತ್ತೇನೆ, ಕಪ್ಪಾದಷ್ಟೂ ಅಕ್ರಿಲಮೈಡ್ ಎಂಬ, ಮೈಗೆ ಒಳ್ಳೆಯದಲ್ಲದ ರಾಸಾಯನಿಕ ಹೆಚ್ಚುತ್ತದೆ. ಸುಡಬೇಕೆಂದಿರುವ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡುವುದನ್ನೂ ಬಿಟ್ಟೆ. ತಣ್ಣಗಿನ ಜಾಗದಲ್ಲಿ ಅದರ ಪಿಷ್ಟ ಸಕ್ಕರೆಯಾಗಿ, ಸುಟ್ಟಾಗ ಆ ಅಕ್ರಿಲಮೈಡ್ ಇನ್ನೂ ಜಾಸ್ತಿಯಾಗಬಹುದು.

ಡಿಸೆಂಬರ್, ಆರನೇ ವಾರ

ಮಂಗಳೂರು ಸ್ಟೋರಿನಲ್ಲಿ ಮಟ್ಟುಗುಳ್ಳ ಸಿಕ್ಕಿತು. ಉಡುಪಿಯ ಹತ್ತಿರದ ಮಟ್ಟು ಗ್ರಾಮದ ಗುಂಡು ಬದನೆ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದದ್ದು. ಹಸಿರು ಮೈ, ಮೇಲೆ ಬಿಳಿ ಗೀರು, ತೆಳು ಸಿಪ್ಪೆ. ಎರಡು ಕಾಯಿಗೆ ಎಣ್ಣೆ ಸವರಿ ಇಡಿಯಾಗಿ 220ಕ್ಕೆ ಇಟ್ಟೆ. ಹದಿನೆಂಟನೇ ನಿಮಿಷಕ್ಕೆ ಒಳಗೆ ಢಬ್ ಎಂಬ ಸದ್ದು. ಒಂದು ಕಾಯಿ ಸಿಡಿದು ತಿರುಳು ಮೇಲಿನ ರಾಡಿಗೆ ಮೆತ್ತಿಕೊಂಡು ಹೊಗೆಯೆದ್ದಿತ್ತು. ಒಳಗಿನ ಹಬೆಗೆ ದಾರಿ ಇರಲಿಲ್ಲ, ಅಷ್ಟೇ. ಪ್ಲಗ್ ಕಿತ್ತು, ರಾಡು ಪೂರ್ತಿ ಆರಿದ ಮೇಲೆ ಉಜ್ಜಿ ತೆಗೆಯುವುದಕ್ಕೆ ಒಂದು ಗಂಟೆ ಹಿಡಿಯಿತು. ಈಗ ಪ್ರತಿ ಕಾಯಿಗೂ ಫೋರ್ಕಿನಲ್ಲಿ ಏಳೆಂಟು ಕಡೆ ಚುಚ್ಚುತ್ತೇನೆ.

ಉಳಿದ ಇನ್ನೊಂದು ಕಾಯಿಯಲ್ಲಿ ಗೊಜ್ಜು ಮಾಡಿದೆ. ಸಿಪ್ಪೆ ಸುಲಿದು ಕಿವುಚಿ, ಹುಣಸೆರಸ, ಚೂರು ಬೆಲ್ಲ, ಜಜ್ಜಿದ ಹಸಿಮೆಣಸು, ಉಪ್ಪು. ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ರುಚಿ ಇತ್ತು. ಕೆಂಡದ ಹೊಗೆಯ ವಾಸನೆ ಇರಲಿಲ್ಲ. ಬದನೆಯ ಮಟ್ಟಿಗೆ ಗ್ಯಾಸಿನ ಉರಿಯ ಮೇಲೆ ನೇರ ಸುಡುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಎಂಟನೇ ವಾರ

ಈಗ ವಾರಕ್ಕೆ ನಾಲ್ಕು ರಾತ್ರಿ ಇದೇ ಊಟ: ಅರ್ಧ ಟ್ರೇ ತರಕಾರಿ, ಒಂದು ಜೋಳದ ರೊಟ್ಟಿ ಅಥವಾ ಸಣ್ಣ ಬಟ್ಟಲು ಅನ್ನ, ತೊವ್ವೆ, ಮೊಸರು. ತೂಕ ಮಾಡಿದರೆ ನನ್ನ ತಟ್ಟೆಯ ತರಕಾರಿಯೇ 250 ಗ್ರಾಂ ದಾಟುತ್ತಿದೆ. ಹೆಚ್ಚಿಟ್ಟು ಓವನ್‌ಗೆ ತಳ್ಳಿದರೆ ಮುಂದಿನ ಅರ್ಧ ಗಂಟೆ ಮಗಳ ಲೆಕ್ಕದ ಪುಸ್ತಕದ ಮುಂದೆ ಕೂರಬಹುದು. ಕರೆಂಟು ನಲವತ್ತು ನಿಮಿಷಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಕಡಿಮೆ, ಮೀಟರ್ ನೋಡಿಯೇ ಹೇಳುತ್ತಿದ್ದೇನೆ.

ಜನವರಿ, ಹತ್ತನೇ ವಾರ

ಸಂಕ್ರಾಂತಿಗೆ ಗಾಡಿಗಳ ಮೇಲೆ ಗೆಣಸಿನ ರಾಶಿ. ಕೆಂಪು ಸಿಪ್ಪೆಯದ್ದು ಎರಡು ಕಿಲೋ ತಂದೆ. ಮೊದಲ ಸಲ ನೇರ 200 ಡಿಗ್ರಿಗೆ ಮುಕ್ಕಾಲು ಗಂಟೆ ಇಟ್ಟೆ. ಮೆತ್ತಗಾಯಿತು, ತಿನ್ನಲೂ ಚೆನ್ನಾಗಿತ್ತು, ಆದರೆ ಅಂಟು ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಅಜ್ಜಿ ಕೆಂಡದ ಮೇಲೆ ಎಷ್ಟು ಹೊತ್ತು ಇಡುತ್ತಿದ್ದರು ಎಂದು ಕೇಳಿದೆ.

"ಕೆಂಡದ ಮೇಲೆ ಯಾರು ಇಡ್ತಾರೋ? ಹೊರಗೆ ಕರಟಿ ಒಳಗೆ ಹಸಿ ಉಳೀತದೆ. ಎಲ್ಲರ ಸ್ನಾನ ಮುಗಿದ ಮೇಲೆ ಬಿಸಿ ಬೂದಿಯೊಳಗೆ ಹುಗೀತಿದ್ರು ಮಾರಾಯ. ತೆಗೀತಿದ್ದದ್ದು ಊಟದ ಹೊತ್ತಿಗೆ."

ಫೋನಿಟ್ಟು ಸುಮ್ಮನೆ ಕೂತೆ. ಗೆಣಸಿನಲ್ಲಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುವ ಕಿಣ್ವ ಇದೆ. ಅದು ಚೆನ್ನಾಗಿ ಕೆಲಸ ಮಾಡುವುದು ಗೆಣಸಿನ ಒಳಗಿನ ಬಿಸಿ ಸುಮಾರು 60ರಿಂದ 75 ಡಿಗ್ರಿ ಇರುವಾಗ. ಅದಕ್ಕೂ ಮೇಲೆ ಹೋದರೆ ನಿಂತುಹೋಗುತ್ತದೆ. ಓವನ್‌ನ ಜೋರು ಬಿಸಿಯಲ್ಲಿ ಆ ಹಂತ ಬೇಗ ದಾಟಿಹೋಗುತ್ತದೆ. ಬೂದಿ ಬಿಸಿಯನ್ನು ನಿಧಾನವಾಗಿ ಬಿಡುತ್ತದೆ. ಇದನ್ನು ಮೊದಲೇ ಓದಿದ್ದೆ, ಆದರೆ ಬಚ್ಚಲ ಒಲೆಗೆ ಹೊಂದಿಸಿ ನೋಡಿರಲಿಲ್ಲ.

ಮರುದಿನ ತೊಳೆದು ಒರೆಸಿದ ಗೆಣಸುಗಳನ್ನು, ನಾಲ್ಕು ಕಡೆ ಚುಚ್ಚಿ, ತಣ್ಣಗಿನ ಓವನ್‌ನಲ್ಲೇ ಇಟ್ಟೆ. 130ಕ್ಕೆ ಒಂದು ಗಂಟೆ ಕಾಲು. ಆಮೇಲೆ 200ಕ್ಕೆ ಮೂವತ್ತೈದು ನಿಮಿಷ. ಕೊನೆಯ ಹತ್ತು ನಿಮಿಷ ಓವನ್‌ನ ಗಾಜಿನ ಮುಂದೆ ನೆಲದ ಮೇಲೆ ಕೂತಿದ್ದೆ. ಚುಚ್ಚಿದ ತೂತಿನಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು, ಒಂದು ಹನಿ ಇಳಿದು, ಟ್ರೇ ಮೇಲೆ ರೂಪಾಯಿ ನಾಣ್ಯದಷ್ಟು ಹರಡಿ ಅಂಚಿನಿಂದ ಕಪ್ಪಾಗತೊಡಗಿತು. ತೆಗೆದು, ಆರಲೂ ಬಿಡದೆ ಬೆರಳಲ್ಲಿ ಎಬ್ಬಿಸಿ ಬಾಯಿಗಿಟ್ಟೆ. ಅದೇ ಅಂಟು.

ಮಾವನವರಿಗೆ ಸಕ್ಕರೆ ಕಾಯಿಲೆ. ಸುಟ್ಟ ಗೆಣಸು ಬೇಯಿಸಿದ್ದಕ್ಕಿಂತ ಬೇಗ ರಕ್ತದ ಸಕ್ಕರೆ ಏರಿಸುತ್ತದೆ, ಹಾಗಾಗಿ ಅವರಿಗೆ ಎರಡು ಬೆರಳಗಲದ ತುಂಡು ಮಾತ್ರ, ಅದೂ ಊಟದ ಅನ್ನದ ಬದಲಿಗೆ. ನಾನೂ ಇದನ್ನು ವಾರಕ್ಕೆ ಒಂದೇ ದಿನ ಇಟ್ಟುಕೊಂಡಿದ್ದೇನೆ.

ತಿಂಗಳ ಕೊನೆಗೆ ಊರಿಗೆ ಹೋಗುವುದಿದೆ. ಸೋಲಾರ್ ಬಂದಿದ್ದರೂ ಬಚ್ಚಲ ಒಲೆಯನ್ನು ಅಮ್ಮ ತೆಗೆಸಿಲ್ಲ. ಕಡ್ಡಿಯಂಥ ಥರ್ಮಾಮೀಟರ್ ಒಂದನ್ನು ಜೊತೆಗೆ ಒಯ್ಯುತ್ತಿದ್ದೇನೆ. ಬೂದಿಯೊಳಗೆ ಹುಗಿದ ಗೆಣಸಿನ ಹೊಟ್ಟೆಗೆ ಅದನ್ನು ಚುಚ್ಚಿಟ್ಟು, ಕಾಲು ಗಂಟೆಗೊಮ್ಮೆ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಬೇಕು.