‘ಸಭೆಗೆ ಜನ ಬರುವುದೇ ಇಲ್ಲವಲ್ಲ, ಏನು ಮಾಡುವುದು?’

ಸಂಘ ಕಟ್ಟಿ ಕೈಸುಟ್ಟುಕೊಂಡವರು ನನ್ನ ಮುಂದೆ ತರುವ ದೂರು ಹೆಚ್ಚುಕಡಿಮೆ ಒಂದೇ. ಮೊದಲ ಸಭೆಗೆ ಐವತ್ತು ಜನ ಬಂದಿದ್ದರು, ಮೂರನೆಯದಕ್ಕೆ ಹನ್ನೆರಡು, ಈಗ ಉಳಿದವರು ನಾವು ನಾಲ್ವರು. ಜನರಿಗೆ ಕಾಳಜಿಯೇ ಇಲ್ಲವೆನ್ನುತ್ತಾರೆ. ಆ ಐವತ್ತು ಮಂದಿಗೆ ನೀವು ವಹಿಸಿದ ಕೆಲಸ ಯಾವುದು ಎಂದು ನಾನು ಕೇಳುತ್ತೇನೆ. ಬಹಳ ಸಲ ಉತ್ತರ ಬರುವುದಿಲ್ಲ. ಬಂದವರಿಗೆ ಸಿಕ್ಕಿದ್ದು ಒಂದು ಕುರ್ಚಿ, ಎರಡು ಭಾಷಣ.

ಹೀಗೆ ಹೇಳುವ ಅಧಿಕಾರ ನನಗೆ ಬಂದದ್ದು ಸ್ವಂತ ತಪ್ಪಿನಿಂದ. ನಾನು ಕಾರ್ಯದರ್ಶಿಯಾಗಿದ್ದ ಸಂಘದಲ್ಲಿ ಬೈಲಾ ಬರೆಯಲು ಆರು ಸಭೆ, ಲಾಂಛನ ಒಪ್ಪಲು ಎರಡು ಸಭೆ ಹಿಡಿದವು. ನಿವೃತ್ತ ಲೆಕ್ಕಿಗರೊಬ್ಬರು ಪ್ರತಿ ಸಲವೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ನಮ್ಮ ಲೆಕ್ಕಪತ್ರವೋ, ಯಾರಿಗೂ ಬಿಡಿಸಲಾಗದ ಗೋಜಲು. ಅವರನ್ನು ಒಂದು ಮಾತು ಕೇಳೋಣವೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಒಂದು ದಿನ ಅವರು ಬರುವುದು ನಿಂತುಹೋಯಿತು. ಅದು ನಮ್ಮ ಗಮನಕ್ಕೆ ಬಂದದ್ದು ತಿಂಗಳುಗಳ ನಂತರ.

ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ, ಕೂಲಿಕಾರರ ಮತ್ತು ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಈ ವಿಷಯದಲ್ಲಿ ನನಗೆ ಗುರುವಿದ್ದಂತೆ. 1994ರ ಕೊನೆಯಲ್ಲಿ ಅವರು ಜನ ಸುನ್ವಾಯಿ, ಅಂದರೆ ಸಾರ್ವಜನಿಕ ಅಹವಾಲು ಸಭೆ ನಡೆಸತೊಡಗಿದರು. ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರವರೆದುರು ಗಟ್ಟಿಯಾಗಿ ಓದುವುದೇ ಕಾರ್ಯಕ್ರಮ. ಇಂಥವರಿಗೆ ಇಷ್ಟು ದಿನದ ಕೂಲಿ ಕೊಡಲಾಗಿದೆ ಎಂದು ಓದಿದಾಗ, ಆ ಹೆಸರಿನವರೇ ಎದ್ದು ನಿಂತು ನಾನು ಅಲ್ಲಿ ಕೆಲಸ ಮಾಡಿಯೇ ಇಲ್ಲ ಎನ್ನುತ್ತಿದ್ದರು. ಅಕ್ಷರ ಬಾರದವರೂ ಅಲ್ಲಿ ಸಾಕ್ಷಿಗಳು. ತನ್ನ ಹೆಸರಿನ ಮುಂದಿರುವುದು ಸುಳ್ಳೋ ನಿಜವೋ ಎಂಬುದನ್ನು ಆ ಮನುಷ್ಯನ ಬದಲು ಯಾವ ಮುಖಂಡನೂ ಹೇಳಲಾರ. ಕೇಳಲು ಬಂದ ಪ್ರತಿಯೊಬ್ಬರಿಗೂ ಅವರೇ ಮಾಡಬೇಕಾದ ಕೆಲಸವಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿದ ಹೋರಾಟಗಳಲ್ಲಿ ಈ ಸಭೆಗಳಿಗೆ ದೊಡ್ಡ ಪಾಲಿದೆ.

ಅಮೆರಿಕದ ಮಾಂಟ್‌ಗೊಮರಿಯಲ್ಲಿ ಕಪ್ಪು ಜನರನ್ನು ಬಸ್ಸಿನಲ್ಲಿ ಬೇರೆ ಕೂರಿಸುವುದರ ವಿರುದ್ಧ ನಡೆದ ಬಸ್ ಬಹಿಷ್ಕಾರವೆಂದರೆ ನಮಗೆ ರೋಸಾ ಪಾರ್ಕ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್ ನೆನಪಾಗುತ್ತಾರೆ. ಆದರೆ 1955ರ ಡಿಸೆಂಬರಿನಲ್ಲಿ ಶುರುವಾದ ಅದು ಒಂದು ವರ್ಷಕ್ಕೂ ಮೀರಿ ಎಳೆಯಿತು, ಅಷ್ಟು ದಿನವೂ ಜನ ದುಡಿಮೆಗೆ ಹೋಗಬೇಕಿತ್ತಲ್ಲ! ಅಲ್ಲಿನ ಕಾಲೇಜು ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ ರಾತ್ರಿಯಿಡೀ ಕೂತು ಸಾವಿರಾರು ಕರಪತ್ರ ಅಚ್ಚು ಹಾಕಿದರು. ಕಾರಿದ್ದವರು ಕಾರು ಓಡಿಸಿದರು, ಯಾರನ್ನು ಎಲ್ಲಿ ಹತ್ತಿಸಿಕೊಳ್ಳಬೇಕೆಂದು ಗೊತ್ತುಮಾಡಲು ಕೆಲವರು ನಿಂತರು. ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಮತ್ತು ಸಂಗಡಿಗರು ಅಡುಗೆ ಮಾಡಿ ಮಾರಿ ಇಂಧನಕ್ಕೆ ಹಣ ಹೊಂದಿಸಿದರು. ವೇದಿಕೆ ಹತ್ತಿದರೆ ಕೆಲಸ ಹೋಗುವ ಭಯವಿದ್ದ ಹೆಂಗಸರೂ ಆ ಗುಂಪಿನಲ್ಲಿದ್ದರು. ಹಣ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಎನ್ನಲು ಅನುಕೂಲವಾಗಲೆಂದು, ಗುಂಪಿಗೆ ‘ಎಲ್ಲಿಯದೂ ಅಲ್ಲದ ಕ್ಲಬ್’ ಎಂಬರ್ಥದ ಹೆಸರಿಟ್ಟುಕೊಂಡರು. ನನಗೆ ತುಂಬ ಇಷ್ಟವಾದ ಹೆಸರು ಅದು.

ತಲೆ ಎಣಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಹಗ್ಗ ಎಳೆಯುವವರ ಸಂಖ್ಯೆ ಏರಿದಂತೆ ಒಬ್ಬೊಬ್ಬರು ಹಾಕುವ ಬಲ ಇಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ ನೂರು ವರ್ಷಕ್ಕೂ ಹಿಂದೆಯೇ ಅಳೆದು ತೋರಿಸಿದ್ದರು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಆಗುವುದಿಲ್ಲ. ಆದ್ದರಿಂದ ಸಭೆ ಮುಗಿಯುವಾಗ ಯಾರು, ಏನನ್ನು, ಯಾವ ದಿನದೊಳಗೆ ಎಂದು ಬರೆದು ಓದಬೇಕು. ಮುಂದಿನ ಸಭೆ ಆ ಚೀಟಿಯಿಂದಲೇ ಶುರುವಾಗಲಿ. ಹಣದ ಲೆಕ್ಕವನ್ನೂ ಹಾಗೆಯೇ ಗಟ್ಟಿಯಾಗಿ ಓದಲಿ. ಕೇಳುವ ಮೊದಲೇ ಓದಿದ ಲೆಕ್ಕಕ್ಕೆ ಬೆಲೆ ಹೆಚ್ಚು. ನೋಂದಣಿ, ಮುದ್ರೆ, ಲೆಟರ್‌ಹೆಡ್ಡು ಅಗತ್ಯ ಬಿದ್ದಾಗ ಬರುತ್ತವೆ.

ಹೀಗೆ ಕೆಲಸ ಹಂಚಲು ನಿಜವಾಗಿ ಕಷ್ಟಪಡುವವರು ಉಳಿದ ಆ ನಾಲ್ವರೇ. ಮೊನ್ನೆ ಸಂಘವೊಂದರ ಅಧ್ಯಕ್ಷರು ಎಲ್ಲ ಹೊರೆ ತಮ್ಮ ತಲೆಯ ಮೇಲೇ ಬಿದ್ದಿದೆಯೆಂದು ಅರ್ಧ ಗಂಟೆ ಕೊರಗಿದರು. ಲೆಕ್ಕದ ಪುಸ್ತಕವನ್ನಾದರೂ ಬೇರೆಯವರಿಗೆ ವಹಿಸಿ ಎಂದೆ. ‘ಅಯ್ಯೋ, ಕೆಡಿಸಿಬಿಡುತ್ತಾರೆ’ ಎಂದರು. ಕೆಡಿಸಲಿ, ಪಕ್ಕದಲ್ಲಿ ಕೂತು ತಿದ್ದಿ ಎಂದೆ. ಯೋಚಿಸಿ ಹೇಳುತ್ತೇನೆಂದು ಹೋದವರು ಇನ್ನೂ ಫೋನು ಮಾಡಿಲ್ಲ.